ಬಿಚ್ಚಿದ ಮೇಲೆ ಕಂಡದ್ದು: ಹಳೆಯ ಬಾಯ್ಲರ್ ಒಳಗೆ ಎಂಟು ತಿಂಗಳು

ನಮ್ಮೂರು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನಲ್ಲಿದೆ, ದುಧನಿ ಸ್ಟೇಷನ್ನಿಗೆ ಸೈಕಲ್ ಮೇಲೆ ಹೋಗಿಬರುವಷ್ಟು ಹತ್ತಿರ. ಮನೆಯಲ್ಲಿ ಕನ್ನಡ, ಏಳನೇ ಇಯತ್ತೆವರೆಗೆ ಕನ್ನಡ ಶಾಲೆ, ಆಮೇಲೆ ಸೊಲ್ಲಾಪುರದ ಐಟಿಐಯಲ್ಲಿ ಫಿಟ್ಟರ್ ಟ್ರೇಡು, ಅದು ಮರಾಠಿಯಲ್ಲಿ. ನಮ್ಮ ಕಡೆ ಬರೀ ಹೊಲ ನೆಚ್ಚಿಕೊಂಡು ಕೂತರೆ ವರ್ಷದಲ್ಲಿ ಆರು ತಿಂಗಳು ಕೈ ಖಾಲಿ. ಹಂಗಾಗಿ ಹುಡುಗರು ಮೊದಲು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮೇಲೆ ಕೈ ಕಲಿಯುತ್ತಾರೆ. ಕೈ ಕುದುರಿದ ಮೇಲೆ ಪವರ್ ಹೌಸಿನ ಶಟ್‌ಡೌನ್ ಕೆಲಸಕ್ಕೆ, ಅಂದರೆ ಯಂತ್ರ ನಿಲ್ಲಿಸಿ ಮಾಡುವ ರಿಪೇರಿಗೆ, ಗ್ಯಾಂಗ್ ಕಟ್ಟಿಕೊಂಡು ಹೋಗುತ್ತಾರೆ. ನಾನೂ ಅದೇ ದಾರಿಯಲ್ಲಿ ಹೋದವನು.

ಪೇಪರಿನಲ್ಲಿ 'ಉಷ್ಣ ವಿದ್ಯುತ್ ಸ್ಥಾವರದ ಆಧುನೀಕರಣ' ಅಂತ ಒಂದು ಸಾಲು ಬರುತ್ತದೆ, ಪಕ್ಕದಲ್ಲಿ ಹೊಸ ಕಂಟ್ರೋಲ್ ರೂಮಿನ ಫೋಟೋ ಇರುತ್ತದೆ, ಅಷ್ಟೇ. ಅದರೊಳಗೆ ಏನೇನು ನಡೆಯುತ್ತದೆ ಅಂತ ಯಾರೂ ಬರೆಯುವುದಿಲ್ಲ. ಊರಿನ ಹುಡುಗರು ಕೇಳುತ್ತಲೇ ಇರುತ್ತಾರೆ, 'ಅಣ್ಣಾ, ಅಲ್ಲಿ ಕೆಲಸ ಹೆಂಗಿರ್ತದ?' ಅಂತ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆ ಸ್ಥಾವರದ ಹೆಸರು, ಗುತ್ತಿಗೆದಾರರ ಹೆಸರು ಬರೆಯುವುದಿಲ್ಲ. ನಮ್ಮವರು ಕೆಲವರು ಇನ್ನೂ ಅಲ್ಲೇ ದುಡಿಯುತ್ತಿದ್ದಾರೆ.

ಅದು 210 ಮೆಗಾವ್ಯಾಟಿನ ಹಳೆಯ ಯೂನಿಟ್. ಹಬೆ ಮಾಡುವ ಬಾಯ್ಲರ್, ಆ ಹಬೆಗೆ ತಿರುಗುವ ಟರ್ಬೈನ್, ಅದರಿಂದ ಕರೆಂಟ್ ಮಾಡುವ ಯಂತ್ರ, ಇವೆಲ್ಲ ಸೇರಿ ಒಂದು ಯೂನಿಟ್. ಎಂಬತ್ತರ ದಶಕದ್ದು. ಇಂಥವು ದೇಶದ ತುಂಬ ಇವೆ. ರಾಯಚೂರಿನ ಶಕ್ತಿನಗರದಲ್ಲೇ ಏಳು ಇವೆ, ಮೊದಲನೆಯದು 1985ರಲ್ಲಿ ಶುರುವಾದದ್ದು, ಎಂಟನೆಯದೊಂದು ಮಾತ್ರ 250. ನಮ್ಮ ಸೋದರಮಾವ ಅಲ್ಲಿ ಬೂದಿ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವರು. ಯೂನಿಟ್ ಅಂದರೆ ಏನು, ಮಿಲ್ ಅಂದರೆ ಏನು ಅಂತ ನನಗೆ ಮೊದಲು ಹೇಳಿಕೊಟ್ಟವರು ಅವರೇ, ಅದೂ ಕನ್ನಡದಲ್ಲಿ. 'ತಮ್ಮಾ, ಕಲ್ಲಿದ್ದಲು ಒಲಿಗೆ ಹಾಕೋದಲ್ಲ, ಹಿಟ್ಟು ಮಾಡಿ ಗಾಳಿಗೆ ತೂರಿ ಸುಡೋದು' ಅಂದಿದ್ದರು. ನಿಜ. ಮಿಲ್ಲಿನಲ್ಲಿ ಕಲ್ಲಿದ್ದಲು ನುಣ್ಣಗೆ ಪುಡಿಯಾಗುತ್ತದೆ, ಬಿಸಿಗಾಳಿ ಅದನ್ನು ಹೊತ್ತುಕೊಂಡು ಹೋಗಿ ಫರ್ನೇಸಿನ, ಅಂದರೆ ಬಾಯ್ಲರಿನೊಳಗೆ ಬೆಂಕಿ ಉರಿಯುವ ಕೋಣೆಯ, ನಾಲ್ಕು ಮೂಲೆಯಿಂದ ಊದುತ್ತದೆ, ನಡುವೆ ಬೆಂಕಿ ಬುಗುರಿಯ ಹಾಗೆ ಸುತ್ತುತ್ತದೆ.

ಲೆಕ್ಕ ಒಂದು ಹೇಳುತ್ತೇನೆ. ಇಂಥ ಯೂನಿಟ್ ಪೂರ್ತಿ ಲೋಡಿನಲ್ಲಿ ಓಡಿದರೆ ದಿನಕ್ಕೆ ಮೂರು ಸಾವಿರ ಟನ್ನಿಗಿಂತ ಜಾಸ್ತಿ ಕಲ್ಲಿದ್ದಲು ಬೇಕು, ಅಂದರೆ ಹೆಚ್ಚುಕಡಿಮೆ ದಿನಕ್ಕೊಂದು ಗೂಡ್ಸ್ ಗಾಡಿ. ನಮ್ಮ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಪಾಲು ಬೂದಿಯೇ. ಹಾಗಾಗಿ ದಿನಕ್ಕೆ ಸಾವಿರ ಟನ್ನಿನ ಮೇಲೆ ಬೂದಿ ಬಾಯ್ಲರ್ ಒಳಗಿಂದ ಹಾದುಹೋಗುತ್ತದೆ. ಆ ಬೂದಿ ಮೆತ್ತಗಿರುತ್ತದೆ ಅಂತ ಅಂದುಕೊಳ್ಳಬೇಡಿ. ಅದರಲ್ಲಿ ಮರಳಿನ ಅಂಶ ಇರುತ್ತದೆ, ಪೈಪುಗಳನ್ನು ಉಜ್ಜಿ ಉಜ್ಜಿ ತಿನ್ನುತ್ತದೆ. ನಾನು ಮುಂದೆ ಹೇಳಲಿರುವ ಅರ್ಧ ಕತೆ ಈ ಉಜ್ಜುವಿಕೆಯದ್ದೇ.

ನಾವು ಹನ್ನೊಂದು ಜನ ಹೋದೆವು. ಮೈಂದರ್ಗಿಯ ಒಬ್ಬ ವೆಲ್ಡರ್ ಕಾಕಾ, ಜತ್ತ ತಾಲೂಕಿನ ಉಮದಿ ಕಡೆಯ ಇಬ್ಬರು ರಿಗ್ಗರ್‌ಗಳು (ಭಾರದ ಸಾಮಾನು ಎತ್ತಿ ಕೂರಿಸುವವರು), ಉಳಿದವರು ನಮ್ಮ ದುಧನಿ ಸುತ್ತಿನವರು. ನಾಲ್ಕು ತಿಂಗಳ ಕೆಲಸ ಅಂತ ಹೇಳಿ ಕರೆದೊಯ್ದರು. ಎಂಟು ತಿಂಗಳು ಹಿಡಿಯಿತು. ಯಾಕೆ ಹಿಡಿಯಿತು ಅನ್ನುವುದೇ ನಾನು ಹೇಳಬೇಕೆಂದಿರುವ ಮಾತು.

ಮೊದಲ ವಾರ ನಮಗೆ ಕೆಲಸವೇ ಇರಲಿಲ್ಲ, ಗೇಟ್ ಪಾಸ್, ಮೆಡಿಕಲ್, ಸೇಫ್ಟಿ ಕ್ಲಾಸು ಇಷ್ಟೇ. ಯೂನಿಟ್ ಬಂದ್ ಮಾಡಿದ ಕೂಡಲೇ ಒಳಗೆ ಹೋಗಲಿಕ್ಕೆ ಆಗುವುದಿಲ್ಲ. ಟರ್ಬೈನ್ ಅಂತೂ ಕರೆಂಟ್ ನಿಂತರೂ ತಿರುಗುತ್ತಲೇ ಇರುತ್ತದೆ. ನಿಮಿಷಕ್ಕೆ 3000 ಸುತ್ತು ಓಡುತ್ತಿದ್ದ ರೋಟರನ್ನು ಬಿಸಿ ಇರುವಾಗ ಸುಮ್ನೆ ನಿಲ್ಲಿಸಿಬಿಟ್ಟರೆ ತನ್ನ ಭಾರಕ್ಕೇ ಬಾಗುತ್ತದೆ. ಅದಕ್ಕೆ ಬ್ಯಾರಿಂಗ್ ಗೇರ್ ಹಾಕಿ ನಿಧಾನಕ್ಕೆ, ಎತ್ತಿನ ಗಾಣದ ಹಾಗೆ, ದಿನಗಟ್ಟಲೆ ತಿರುಗಿಸುತ್ತಾರೆ. ಆ ಹಾಲ್‌ನಲ್ಲಿ ಮೊದಲ ಸಲ ನಿಂತು ಅಷ್ಟು ದೊಡ್ಡ ಯಂತ್ರ ಸದ್ದಿಲ್ಲದೆ ಹೊರಳುವುದನ್ನು ನೋಡಿದಾಗ ಮೈ ಜುಮ್ಮೆಂದಿತು.

ಫರ್ನೇಸ್ ತಣ್ಣಗಾದ ಮೇಲೆ ಮೊದಲು ಗೋಡೆಗೆ ಅಂಟಿದ್ದ ಕ್ಲಿಂಕರ್ ಉದುರಿಸಿದರು. ಕ್ಲಿಂಕರ್ ಅಂದರೆ ಬೂದಿ ಕರಗಿ ಕಲ್ಲಾದದ್ದು. ಮೇಲಿಂದ ಒಂದು ಗಡ್ಡೆ ಬಿದ್ದರೆ ಹೆಲ್ಮೆಟ್ಟು ಉಪಯೋಗಕ್ಕೆ ಬರುವುದಿಲ್ಲ, ಹಾಗಾಗಿ ಅದು ಪೂರ್ತಿ ಆಗುವವರೆಗೆ ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲೆ ಒಳಗೆ ಕೆಳಗಿಂದ ಮೇಲಿನವರೆಗೆ ಸ್ಕ್ಯಾಫೋಲ್ಡಿಂಗ್ ಕಟ್ಟಿದರು. ಒಂದು ಸಣ್ಣ ಮ್ಯಾನ್‌ಹೋಲ್ ಮೂಲಕ ತೆವಳಿ ಒಳಗೆ ಹೋದರೆ ತಲೆ ಮೇಲೆ ಗೋಪುರದಂಥ ಕತ್ತಲೆ. ನಾಲ್ಕೂ ಕಡೆ ಗೋಡೆ ಅಂದರೆ ಪೈಪುಗಳೇ, ಒಂದಕ್ಕೊಂದು ಅಂಟಿಸಿ ನಿಲ್ಲಿಸಿದ ನೂರಾರು ಪೈಪು. ಬೆಂಕಿ ಉರಿಯುವಾಗ ಇವುಗಳೊಳಗೆ ನೀರು ಓಡುತ್ತಿರುತ್ತದೆ. ಆ ನೀರೇ ಗೋಡೆಯನ್ನು ಕಾಯುವುದು, ಆ ಗೋಡೆಯೇ ನೀರನ್ನು ಕಾಯಿಸುವುದು.

ನನ್ನ ಕೆಲಸ ದಪ್ಪ ಅಳೆಯುವ ತಂಡದ ಜೊತೆ. ಪೈಪಿನ ಮೇಲೆ ಒಂದಿಷ್ಟು ಜಾಗ ಗ್ರೈಂಡರಿನಿಂದ ಉಜ್ಜಿ ಹೊಳಪು ತರಬೇಕು, ಸ್ವಲ್ಪ ಜೆಲ್ ಹಚ್ಚಬೇಕು, ಬೆರಳಿನಷ್ಟು ದಪ್ಪದ ಪ್ರೋಬ್ ಒತ್ತಬೇಕು. ಶಬ್ದದ ಅಲೆ ಪೈಪಿನ ಗೋಡೆ ದಾಟಿ ಹಿಂದಿನಿಂದ ತಿರುಗಿ ಬರುತ್ತದೆ, ಪರದೆ ಮೇಲೆ ಮಿಲಿಮೀಟರ್ ಬೀಳುತ್ತದೆ. ನಾನು ಉಜ್ಜುವುದು, ಅವರು ಓದುವುದು, ನಾನು ಬರೆದುಕೊಳ್ಳುವುದು. ಅವರ ಶೀಟು ಇಂಗ್ಲಿಷಿನಲ್ಲಿತ್ತು. ನಾನು ನನ್ನದೊಂದು ನೋಟ್‌ಬುಕ್ ಇಟ್ಟುಕೊಂಡೆ, ಕನ್ನಡದಲ್ಲಿ. ಎಡಗೋಡೆ, ಕೆಳಗಿನಿಂದ ಎಷ್ಟನೇ ಅಟ್ಟ, ಮೂಲೆಯಿಂದ ಎಷ್ಟನೇ ಪೈಪು, ಎಷ್ಟು ದಪ್ಪ.

ಮೂರನೇ ದಿನ ಎಕನಾಮೈಸರ್ ಕಡೆಗೆ ಹೋದೆವು. ಅಲ್ಲಿ ಬಿಸಿ ಹೊಗೆ ಹೊರಗೆ ಹೋಗುವ ಮೊದಲು ತನ್ನ ಉಳಿದ ಕಾವನ್ನು ನೀರಿಗೆ ಕೊಟ್ಟು ಹೋಗುತ್ತದೆ. ಹೊಗೆ ತಿರುವು ತೆಗೆದುಕೊಳ್ಳುವ ಜಾಗದಲ್ಲಿ ಬೂದಿ ಒಂದೇ ಕಡೆ ಬಡಿಯುತ್ತದೆ. ಅಲ್ಲಿನ ಪೈಪುಗಳನ್ನು ಕೈಯಿಂದ ಸವರಿದರೇ ತಿಳಿಯುತ್ತಿತ್ತು, ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಸಾಣೆ ಹಿಡಿದ ಹಾಗೆ ಚಪ್ಪಟೆ. ಐದು ಮಿಲಿಮೀಟರ್ ಆಸುಪಾಸು ಇರಬೇಕಾದಲ್ಲಿ 3.1, 2.8, ಒಂದು ಕಡೆ 2.2. ಇಂಜಿನಿಯರ್ ಸಾಹೇಬರು ಎರಡನೇ ಸಲ ಅಳೆಯಿಸಿದರು. ಮತ್ತೆ 2.2. ಪೈಪಿನೊಳಗೆ ಓಡುವುದು 150 ಕೆಜಿಗಿಂತ ಜಾಸ್ತಿ ಒತ್ತಡದ ನೀರು, ಅದೂ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ. ತಡೆದು ನಿಂತದ್ದು ಬರೀ ಎರಡು ಮಿಲಿಮೀಟರ್ ಚಿಲ್ಲರೆ ದಪ್ಪದ ಕಬ್ಬಿಣ. ಅದು ಇಷ್ಟು ದಿನ ತಾಳಿತಲ್ಲ ಅಂತ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಇಲ್ಲಿಂದಲೇ ನಾಲ್ಕು ತಿಂಗಳ ಲೆಕ್ಕ ತಪ್ಪಿದ್ದು. ಕೆಲಸದ ಪಟ್ಟಿ ಮಾಡಿದವರು ಯೂನಿಟ್ ಓಡುತ್ತಿರುವಾಗ ಹೊರಗಿನಿಂದ ನೋಡಿ, ಹಿಂದಿನ ಶಟ್‌ಡೌನ್ ರಿಪೋರ್ಟು ಓದಿ ಪಟ್ಟಿ ಮಾಡಿರುತ್ತಾರೆ. ಬೇರೆ ದಾರಿಯೂ ಇಲ್ಲ, ಉರಿಯುವ ಬಾಯ್ಲರ್ ಒಳಗೆ ಯಾರು ಇಣುಕಿ ನೋಡುತ್ತಾರೆ? ಬಿಚ್ಚಿದ ಮೇಲೆ ಪಟ್ಟಿಯಲ್ಲಿ ಇಲ್ಲದ್ದು ಒಂದೊಂದಾಗಿ ಹೊರಗೆ ಬಿತ್ತು. ಇಷ್ಟೇ ಪೈಪು ಬದಲಿಸಬೇಕು ಅಂತಿದ್ದದ್ದು ಎರಡರಷ್ಟಾಯಿತು. ಜಾಸ್ತಿ ಪೈಪಿಗೆ ಹೊಸ ಆರ್ಡರ್ ಹೋಗಬೇಕು, ಮಂಜೂರಿ ಆಗಬೇಕು, ಕಾರ್ಖಾನೆಯಲ್ಲಿ ತಯಾರಾಗಬೇಕು, ಲಾರಿ ಹತ್ತಬೇಕು. ಅಷ್ಟು ದಿನ ಯೂನಿಟ್ ಸುಮ್ನೆ ಬಿದ್ದಿರುತ್ತದೆ. ಹೊಸ ಸ್ಥಾವರ ಕಟ್ಟುವಾಗ ಡ್ರಾಯಿಂಗ್ ಹೇಳಿದ್ದೇ ಮಾತು. ಹಳೆಯದನ್ನು ಹೊಸದು ಮಾಡುವಾಗ ಡ್ರಾಯಿಂಗ್ ಒಂದು ಹೇಳುತ್ತದೆ, ಕಬ್ಬಿಣ ಇನ್ನೊಂದು ಹೇಳುತ್ತದೆ.

ಅದಕ್ಕೊಂದು ಉದಾಹರಣೆ. ಫರ್ನೇಸಿನ ಹಿಂಗೋಡೆಗೆ ಹೊಸ ಪ್ಯಾನೆಲ್ ಬಂದಿತ್ತು, ಪೈಪುಗಳನ್ನು ಸಾಲಾಗಿ ಜೋಡಿಸಿ ಕಾರ್ಖಾನೆಯಲ್ಲೇ ತಯಾರು ಮಾಡಿದ್ದು. ಉಮದಿಯ ಅಣ್ಣಂದಿರು ಚೈನ್ ಬ್ಲಾಕ್, ವಿಂಚ್ ಹಾಕಿ ಇಡೀ ಹಗಲು ಎಳೆದು ಅದನ್ನು ಮೇಲೆ ನಿಲ್ಲಿಸಿದರು. ನಿಲ್ಲಿಸಿ ನೋಡಿದರೆ ಎಡತುದಿಯ ಪೈಪುಗಳು ಹಳೆಯದಕ್ಕೆ ಸರಿಯಾಗಿ ಕೂತಿವೆ, ಬಲತುದಿಗೆ ಹೋಗುವಷ್ಟರಲ್ಲಿ ಅರ್ಧ ಪೈಪಿನಷ್ಟು ಓರೆ. ಮೂವತ್ತು ವರ್ಷ ಕಾದು ತಣಿದು ಹಳೆಯ ಗೋಡೆಯೇ ಹೊಟ್ಟೆ ಬಿಟ್ಟಿತ್ತು. ಹೊಸ ಪ್ಯಾನೆಲ್ ನೆಟ್ಟಗಿತ್ತು. ತಪ್ಪು ಯಾರದೂ ಅಲ್ಲ. ಪೈಪುಗಳ ನಡುವಿನ ಪಟ್ಟಿ ಸೀಳಿ, ಒಂದೊಂದೇ ಪೈಪನ್ನು ಬಿಡಿಸಿ, ಎಳೆದು ಕೂಡಿಸಬೇಕಾಯಿತು. ಹನ್ನೆರಡು ದಿನ ಹೋದವು. ಪಟ್ಟಿಯಲ್ಲಿ ಅದಕ್ಕೆ ಒಂದೂವರೆ ದಿನ ಅಂತ ಬರೆದಿತ್ತು.

ವೆಲ್ಡಿಂಗ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಾಯ್ಲರಿನ ಒತ್ತಡದ ಪೈಪಿಗೆ ಯಾರು ಬೇಕಾದರೂ ವೆಲ್ಡ್ ಮಾಡುವ ಹಾಗಿಲ್ಲ. ಪರೀಕ್ಷೆ ಕೊಟ್ಟು ಸರ್ಟಿಫಿಕೇಟ್ ಪಡೆದವರೇ ಮಾಡಬೇಕು, ಬಾಯ್ಲರ್ ಕಾನೂನೇ ಹಾಗಿದೆ. ಈ ಕಾನೂನಿಗೆ ದೊಡ್ಡ ಇತಿಹಾಸ ಇದೆ. 1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ ಮರುವರ್ಷ ಬಂಗಾಳದಲ್ಲಿ ಮೊದಲ ಕಾಯ್ದೆ ಬಂತು, ಇಡೀ ದೇಶಕ್ಕೆ ಅಂತ 1923ರಲ್ಲಿ. ನಮ್ಮ ಮೈಂದರ್ಗಿ ಕಾಕಾನ ಹತ್ತಿರ ಆ ಸರ್ಟಿಫಿಕೇಟು ಇದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಡುತ್ತಾರೆ.

ಎರಡು ಪೈಪಿನ ತುದಿಗಳನ್ನು ಇಳಿಜಾರಾಗಿ ತಿದ್ದಿ, ನಡುವೆ ಎರಡು ಮೂರು ಮಿಲಿಮೀಟರ್ ಸಂದು ಬಿಟ್ಟು ನಿಲ್ಲಿಸಿ ಕೊಡುವುದು ಫಿಟ್ಟರ್ ಕೆಲಸ, ಅಂದರೆ ನನ್ನದು. ಆಮೇಲೆ ಕಾಕಾ ಕೂರುತ್ತಾರೆ. ಮುಂದಿನ ಅರ್ಧ ಕಣ್ಣಿಗೆ ಕಾಣುತ್ತದೆ. ಹಿಂದಿನ ಅರ್ಧ ಕಾಣುವುದಿಲ್ಲ, ಅಲ್ಲಿ ತಲೆ ತೂರಿಸಲಿಕ್ಕೆ ಜಾಗವೇ ಇಲ್ಲ. ಅದಕ್ಕೆ ಕನ್ನಡಿ. ಅಂಗೈ ಅಗಲದ ಕನ್ನಡಿಯನ್ನು ತಂತಿಗೆ ಕಟ್ಟಿ ಪೈಪಿನ ಹಿಂದೆ ನಿಲ್ಲಿಸುತ್ತಾರೆ. ಕಾಕಾ ಕನ್ನಡಿ ನೋಡುತ್ತ, ಕೈ ಹಿಂದೆ ಹಾಕಿ ವೆಲ್ಡ್ ಮಾಡುತ್ತಾರೆ. ಕನ್ನಡಿಯಲ್ಲಿ ಎಲ್ಲ ತಿರುಗುಮುರುಗು. ಕೈ ಹತ್ತಿರ ತಂದರೆ ಕನ್ನಡಿಯಲ್ಲಿ ದೂರ ಹೋಗುತ್ತದೆ. ಒಂದು ಕೈಯಲ್ಲಿ ವೆಲ್ಡಿಂಗ್ ಟಾರ್ಚ್, ಇನ್ನೊಂದು ಕೈಯಲ್ಲಿ ಊದುಬತ್ತಿಯಷ್ಟು ತೆಳುವಾದ ತಂತಿ. ಉಸಿರು ಬಿಗಿಹಿಡಿದು ಒಂದಿಷ್ಟು, ಉಸಿರು ಬಿಟ್ಟು ಮತ್ತೊಂದಿಷ್ಟು. ನಾನು ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತಿರುತ್ತಿದ್ದೆ. ಒಂದು ದಿನ ಕೇಳಿದೆ, 'ಕಾಕಾ, ಎಡ ಬಲ ಗೊಂದಲ ಆಗೂದಿಲ್ಲೇನ್ರಿ?' ಅಂತ. 'ಕಣ್ಣಿಗೆ ಆಗ್ತದೋ ತಮ್ಮಾ, ಕೈಗೆ ಆಗೂದಿಲ್ಲ' ಅಂದರು.

ರಾತ್ರಿ ಊಟದ ಹೊತ್ತಿಗೆ ಎಲ್ಲರನ್ನೂ ಹೊರಗೆ ಕಳಿಸಿ, ಹಗ್ಗ ಕಟ್ಟಿ, ಕೆಂಪು ದೀಪ ಹಚ್ಚಿ ಎಕ್ಸ್‌ರೇ ತೆಗೆಯುತ್ತಿದ್ದರು. ಮರುದಿನ ಬೆಳಗ್ಗೆ ಪಟ್ಟಿ ಬರುತ್ತಿತ್ತು, ಯಾವ ಜಾಯಿಂಟ್ ಪಾಸು, ಯಾವುದು ರಿಪೇರಿ ಅಂತ. ಚಹಾ ಕುಡಿಯುವ ಮೊದಲು ನಾವೆಲ್ಲ ಆ ಪಟ್ಟಿ ನೋಡಲಿಕ್ಕೆ ಓಡುತ್ತಿದ್ದೆವು. ಹತ್ತನೇ ಇಯತ್ತೆ ರಿಸಲ್ಟ್ ನೋಡಿದ ಹಾಗೆಯೇ. ಕಾಕಾನ ಜಾಯಿಂಟು ರಿಪೇರಿಗೆ ಬಂದದ್ದು ಬೆರಳೆಣಿಕೆಯಷ್ಟು. ಒಂದು ಬಂದ ದಿನ ಅವರು ಊಟ ಸರಿಯಾಗಿ ಮಾಡಲಿಲ್ಲ. ಸಂದು ನಾನು ಬಿಟ್ಟದ್ದು ಕಡಿಮೆಯಾಗಿತ್ತು, ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಆ ಮಾತು ಎತ್ತಲಿಲ್ಲ. ನಾನೇ ಹೋಗಿ ಹೇಳಿದೆ. ಆ ದಿನದಿಂದ ಪ್ರತಿ ಸಂದಿಗೂ ಗೇಜ್ ಹಾಕಿ ನೋಡದೆ ಕೊಟ್ಟಿಲ್ಲ.

ಇನ್ನು ನನ್ನ ಮನಸ್ಸಿಗೆ ಇವತ್ತಿಗೂ ಕೊರೆಯುವ ವಿಷಯ. ಹಳೆಯ ಪೈಪುಗಳ ಮೇಲೆ ಶಾಖ ಹೊರಗೆ ಹೋಗದಿರಲಿ ಅಂತ ದಪ್ಪನೆಯ ಹೊದಿಕೆ ಇರುತ್ತದೆ, ಲ್ಯಾಗಿಂಗ್ ಅನ್ನುತ್ತೇವೆ. ಈಗ ಕಲ್ಲುಣ್ಣೆ ಹಾಕುತ್ತಾರೆ. ಆ ಕಾಲದಲ್ಲಿ ಎಷ್ಟೋ ಕಡೆ ಆಸ್ಬೆಸ್ಟಾಸ್ ಹಾಕುತ್ತಿದ್ದರು. ಅದನ್ನು ಕಿತ್ತಾಗ ಬಿಳಿ ಧೂಳು ಎದ್ದು ಬಿಸಿಲಿನ ಕೋಲಿನಲ್ಲಿ ತೇಲುತ್ತಿತ್ತು. ಅದರ ಎಳೆ ಪುಪ್ಪುಸದೊಳಗೆ ಹೋದರೆ ಹೊರಗೆ ಬರುವುದಿಲ್ಲ, ಕಾಯಿಲೆ ತೋರುವುದು ಇಪ್ಪತ್ತು ಮೂವತ್ತು ವರ್ಷದ ಮೇಲೆ. ನಮಗೆ ಕೊಟ್ಟದ್ದು ಬಟ್ಟೆಯ ಮಾಸ್ಕು. ಗುತ್ತಿಗೆದಾರರಿಗೆ ಹೇಳಿದೆವು, ನಾಳೆ ಬರುತ್ತದೆ ಅಂದರು. ನಾಲ್ಕು ದಿನ ಕಾದು ನಾವು ಆ ಅಟ್ಟದ ಕೆಲಸ ನಿಲ್ಲಿಸಿದೆವು. ಒಂದೂವರೆ ದಿನದ ಕೂಲಿ ಹೋಯಿತು. ಆಮೇಲೆ ಫಿಲ್ಟರ್ ಇರುವ ಮಾಸ್ಕು ಬಂತು, ಕೀಳುವ ಮೊದಲು ನೀರು ಹೊಡೆದು ತೋಯಿಸುವ ಪದ್ಧತಿ ಬಂತು, ಚೀಲಕ್ಕೆ ತುಂಬಿ ಬಾಯಿ ಕಟ್ಟುವುದು ಶುರುವಾಯಿತು. ಇದೆಲ್ಲ ಮೊದಲ ದಿನವೇ ಇರಬೇಕಾದದ್ದು ಅಲ್ವಾ? ಹುಡುಗರಿಗೆ ಹೇಳುವುದಿಷ್ಟೇ, ಹಳೆಯ ಲ್ಯಾಗಿಂಗಿಗೆ ಕೈ ಹಾಕುವ ಮೊದಲು ಇದು ಏನು ಅಂತ ಕೇಳಿ. ಉತ್ತರ ಬರುವವರೆಗೆ ಮುಟ್ಟಬೇಡಿ. ಕೂಲಿ ಮುಂದೆ ಸಿಗುತ್ತದೆ.

ಬೂದಿ ಹಿಡಿಯುವ ಇಎಸ್‌ಪಿ ಕಡೆ ನಾನು ಎರಡೇ ವಾರ ಇದ್ದೆ. ಮನೆಯೆತ್ತರದ ತಗಡುಗಳನ್ನು ಸಾಲಾಗಿ ನೇತುಹಾಕಿ, ನಡುವೆ ತಂತಿಗಳಿಗೆ ಸಾವಿರಾರು ವೋಲ್ಟ್ ಕೊಟ್ಟರೆ ಬೂದಿ ಹೋಗಿ ತಗಡಿಗೆ ಅಂಟುತ್ತದೆ. ಸುತ್ತಿಗೆಗಳು ಆಗಾಗ ಬಡಿದು ಅದನ್ನು ಕೆಳಗೆ ಉದುರಿಸುತ್ತವೆ. ಅಲ್ಲಿ ಅರ್ಧಕ್ಕರ್ಧ ಸುತ್ತಿಗೆ ಕಳಚಿ ಬಿದ್ದಿದ್ದವು, ತಗಡು ಸೊಟ್ಟಗಾಗಿದ್ದವು. ಹೊರಗೆ ಚಿಮಣಿಯಿಂದ ಕಪ್ಪು ಹೊಗೆ ಬರುತ್ತಿತ್ತು ಅಂತ ಆ ಊರಿನವರು ಹೇಳುತ್ತಿದ್ದದ್ದು ಸುಳ್ಳಲ್ಲ. 2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಇಲಾಖೆ ಹೊಸ ಮಿತಿ ತಂದಿತು. ಇಷ್ಟು ಹಳೆಯ ಯೂನಿಟ್‌ಗಳು ಒಂದು ಘನ ಮೀಟರ್ ಹೊಗೆಯಲ್ಲಿ 100 ಮಿಲಿಗ್ರಾಂಗಿಂತ ಜಾಸ್ತಿ ಧೂಳು ಬಿಡಬಾರದು, ಹೊಸ ಸ್ಥಾವರಗಳಿಗೆ ಅದೇ ಮಿತಿ 30. ಆ ಮಿತಿ ಮುಟ್ಟಲಿಕ್ಕೇ ಇಲ್ಲಿ ತಗಡು ಬದಲಿಸಿ, ಇನ್ನೊಂದು ಸಾಲು ಸೇರಿಸಿದ್ದು. ಗಂಧಕದ ಹೊಗೆ ತೊಳೆಯುವ ಎಫ್‌ಜಿಡಿ ಯಂತ್ರದ ಗಡುವು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು, 2025ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಅದು ಕಡ್ಡಾಯವೇ ಅಲ್ಲ ಅಂದರು. ಚಿಮಣಿಯ ಕೆಳಗೆ ಎಂಟು ತಿಂಗಳು ಮಲಗಿ ಎದ್ದವನಾಗಿ ನನಗೆ ಇದು ಸರಿ ಅನ್ನಿಸುವುದಿಲ್ಲ.

ಹಳೆಯ ಕಂಟ್ರೋಲ್ ರೂಮ್ ತೆಗೆದದ್ದೂ ನಮ್ಮ ಕಣ್ಣೆದುರೇ. ಗೋಡೆ ತುಂಬ ಮುಳ್ಳಿನ ಮೀಟರ್, ಉದ್ದನೆಯ ಕಾಗದದ ಮೇಲೆ ಶಾಯಿಯಲ್ಲಿ ಗೆರೆ ಎಳೆಯುವ ಪೆನ್ನು, ತಪ್ಪಾದರೆ ಮಿಣಮಿಣ ಅನ್ನುವ ಸಣ್ಣ ಕಿಟಕಿಗಳು. ಅದರ ಜಾಗಕ್ಕೆ ನಾಲ್ಕು ದೊಡ್ಡ ಪರದೆ, ಕೆಲವು ಮೌಸು ಬಂದವು. ಒಬ್ಬ ಹಿರಿಯ ಆಪರೇಟರ್, ನಿವೃತ್ತಿಗೆ ವರ್ಷವೂ ಇರಲಿಲ್ಲ, ಹೊಸದನ್ನು ಕಲಿಯಲಿಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದರು. ಅವರು ಹಳೆಯ ಕಾಗದದ ಒಂದು ಸುರುಳಿ ಮನೆಗೆ ಒಯ್ದರು.

ಪೈಪು ಕೂಡಿಸಿ ಮುಗಿದ ಮೇಲೆ ಹೈಡ್ರೋ ಟೆಸ್ಟ್. ಬಾಯ್ಲರಿಗೆ ಬೆಂಕಿ ಇಲ್ಲದೆ ಬರೀ ಶುದ್ಧ ನೀರು ತುಂಬಿ, ಓಡುವಾಗ ಇರುವುದಕ್ಕಿಂತ ಜಾಸ್ತಿ ಒತ್ತಡಕ್ಕೆ ಏರಿಸುತ್ತಾರೆ. ಬಾಯ್ಲರ್ ಇನ್‌ಸ್ಪೆಕ್ಟರ್ ಬಂದು ನಿಂತು ನೋಡಬೇಕು. ಒತ್ತಡ ಏರುವಾಗ ಯಾರೂ ಮಾತಾಡುವುದಿಲ್ಲ. ಒತ್ತಡ ನಿಲ್ಲಿಸಿದ ಮೇಲೆ ನಾವು ಬ್ಯಾಟರಿ ಹಿಡಿದು ಒಂದೊಂದೇ ಅಟ್ಟ ಹತ್ತಿ, ಒಂದೊಂದೇ ಜಾಯಿಂಟ್ ಮೇಲೆ ಬೆಳಕು ಬಿಟ್ಟು, ಕೈ ಸವರಿ ನೋಡಿದೆವು. ಮೊದಲ ಸಲ ಒಂದು ಕಡೆ ಬೆವರಿನ ಹನಿಯಷ್ಟು ನೀರು. ಹನಿ ಒರೆಸಿದರೆ ಮತ್ತೆ ಹನಿ. ನಾವು ಮುಟ್ಟಿರದ ಹಳೆಯ ಜಾಯಿಂಟ್ ಅದು. ನೀರು ಇಳಿಸಿ, ಕತ್ತರಿಸಿ, ಮತ್ತೆ ವೆಲ್ಡ್, ಮತ್ತೆ ಎಕ್ಸ್‌ರೇ, ಮತ್ತೆ ನೀರು. ಎರಡನೇ ಸಲ ಮುಳ್ಳು ಅಲುಗದೆ ನಿಂತಿತು.

ಲೈಟ್‌ಅಪ್, ಅಂದರೆ ಬಾಯ್ಲರಿಗೆ ಮತ್ತೆ ಬೆಂಕಿ ಹಚ್ಚುವ ದಿನ ಕಂಟ್ರೋಲ್ ರೂಮಿನಲ್ಲಿ ತೆಂಗಿನಕಾಯಿ ಒಡೆದರು. ಮೊದಲು ಐದು ನಿಮಿಷ ಬರೀ ಗಾಳಿ ಊದಿ ಒಳಗಿನ ಅನಿಲ ಎಲ್ಲ ಹೊರಗೆ ದಬ್ಬುತ್ತಾರೆ, ಇಲ್ಲದಿದ್ದರೆ ಕಿಡಿ ಬಿದ್ದ ಕೂಡಲೇ ಫರ್ನೇಸೇ ಸಿಡಿಯಬಹುದು. ಆಮೇಲೆ ಎಣ್ಣೆಯ ಬೆಂಕಿ. ಕಲ್ಲಿದ್ದಲು ಬಹಳ ಹೊತ್ತಿನ ಮೇಲೆ. ನೋಡುವ ಕಿಂಡಿಯ ನೀಲಿ ಗಾಜಿನಲ್ಲಿ ಕಿತ್ತಳೆ ಬಣ್ಣ ಕಂಡಿತು. ನಾವು ತಿಂಗಳುಗಟ್ಟಲೆ ಕೂತು ಕೆಲಸ ಮಾಡಿದ ಜಾಗದಲ್ಲಿ ಈಗ ಬೆಂಕಿ.

ಆದರೆ ಹಬೆಯನ್ನು ಟರ್ಬೈನಿಗೆ ಕೂಡಲೇ ಬಿಡುವುದಿಲ್ಲ. ಹೊಸ ಪೈಪಿನೊಳಗೆ ವೆಲ್ಡಿಂಗ್ ಚೂರು, ಗ್ರೈಂಡಿಂಗ್ ಪುಡಿ ಇರಬಹುದು, ಒಂದು ಚೂರು ಆ ವೇಗದಲ್ಲಿ ಹೋಗಿ ಬ್ಲೇಡಿಗೆ ಬಡಿದರೆ ಕೋಟಿಗಟ್ಟಲೆ ಹಾನಿ. ಅದಕ್ಕೆ ಸ್ಟೀಮ್ ಬ್ಲೋಯಿಂಗ್. ಬೇರೆ ಪೈಪ್ ಹಾಕಿ ಹಬೆಯನ್ನು ಒಮ್ಮೆಲೇ ಹೊರಗೆ ಬಿಡುತ್ತಾರೆ. ಸುತ್ತಲ ಹಳ್ಳಿಗಳಿಗೆ ಮೊದಲೇ ಡಂಗುರ ಸಾರಿದ್ದರು, ಹೆದರಬೇಡಿ ಅಂತ. ಆದರೂ ಆ ಸದ್ದಿಗೆ ಎದೆ ನಡುಗುತ್ತದೆ. ಪ್ರತಿ ಸಲ ಹಬೆಯ ದಾರಿಯಲ್ಲಿ ಒಂದು ನುಣುಪಾದ ತಗಡು ಇಡುತ್ತಾರೆ. ಬ್ಲೋ ಮುಗಿದ ಮೇಲೆ ಅದನ್ನು ತೆಗೆದು ಗುಳಿ ಎಣಿಸುತ್ತಾರೆ. ಮೊದಲ ತಗಡು ಸಿಡುಬು ಬಂದ ಮುಖದ ಹಾಗಿತ್ತು. ಮೂರನೇ ದಿನದ ಹೊತ್ತಿಗೆ ನಾಲ್ಕೇ ಗುಳಿ. ಕೊನೆಯ ತಗಡನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ಓರೆ ಮಾಡಿ ನೋಡಿದೆ, ನನ್ನ ಮುಖ ಕಂಡಿತು.

ಗ್ರಿಡ್ಡಿಗೆ, ಅಂದರೆ ದೇಶದ ವಿದ್ಯುತ್ ಜಾಲಕ್ಕೆ ಜೋಡಿಸಿದ್ದು ರಾತ್ರಿ ಒಂದೂವರೆಗೆ. ನಮ್ಮ ಯೂನಿಟ್ಟಿನ ವೋಲ್ಟೇಜು, ಸುತ್ತು, ಲಯ ಎಲ್ಲ ಹೊರಗಿನ ಗ್ರಿಡ್ಡಿನ ಜೊತೆ ಸರಿಹೊಂದಬೇಕು, ಆಗಲೇ ಬ್ರೇಕರ್ ಹಾಕುವುದು. ಒಮ್ಮೆ ಜೋಡಿಸಿದರೆ ದೇಶದ ಎಲ್ಲ ಯಂತ್ರಗಳ ಜೊತೆ ಒಂದೇ ಹೆಜ್ಜೆ. ಇದರಲ್ಲಿ ನಮ್ಮ ಊರ ಕಡೆಯದೊಂದು ಹೆಮ್ಮೆ ಇದೆ, ಎಲ್ಲರಿಗೂ ಗೊತ್ತಿರಲಿ ಅಂತ ಬರೆಯುತ್ತೇನೆ. 2013ರ ಡಿಸೆಂಬರ್ 31ಕ್ಕೆ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್ಡಿಗೆ ಕೂಡಿದ್ದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಲೈನಿನಿಂದ. ಮಾವ ದುಡಿದ ರಾಯಚೂರಿನಿಂದ ನಾನು ಕಲಿತ ಸೊಲ್ಲಾಪುರಕ್ಕೆ.

ಆಮೇಲೆ ಊರಿಗೆ ಬಂದೆವು. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಳು, ಎರಡು ದಿನ ಅದನ್ನೇ ತಿಂದೆ. ಗೆಳೆಯನೊಬ್ಬ ದಕ್ಷಿಣ ಸೊಲ್ಲಾಪುರದ ಫತಾಟೇವಾಡಿ ಹತ್ತಿರ ಕೇಂದ್ರ ಸರ್ಕಾರದ ಎನ್‌ಟಿಪಿಸಿ ಕಂಪನಿಯ ಸ್ಥಾವರದಲ್ಲಿದ್ದಾನೆ. ಅಲ್ಲಿ 660 ಮೆಗಾವ್ಯಾಟಿನ ಎರಡು ಯೂನಿಟ್, 2017ರಲ್ಲಿ ಒಂದು, 2019ರಲ್ಲಿ ಇನ್ನೊಂದು ಓಡಲು ಶುರುವಾದದ್ದು. ನೀರು ಉಜನಿ ಅಣೆಕಟ್ಟಿನಿಂದ ಬರುತ್ತದೆ. ಅಲ್ಲಿನ ಬಾಯ್ಲರ್ ಸೂಪರ್‌ಕ್ರಿಟಿಕಲ್, ಅಂದರೆ ಒತ್ತಡ ಎಷ್ಟು ಜಾಸ್ತಿ ಅಂದರೆ ನೀರು ಗುಳ್ಳೆ ಬಂದು ಕುದಿಯುವ ಹಂತವೇ ಇಲ್ಲ, ನೀರಿನಿಂದ ಹಬೆ ಬೇರೆ ಮಾಡುವ ಡ್ರಮ್ಮೂ ಇಲ್ಲ. ಅದೇ ಕಲ್ಲಿದ್ದಲಿಗೆ ಜಾಸ್ತಿ ಕರೆಂಟ್. 'ನಿಮ್ಮ ಹಳೇದಕ್ಕ ಇಷ್ಟು ಖರ್ಚು ಮಾಡೂದಕ್ಕಿಂತ ಹೊಸಾದು ಕಟ್ಟಬೇಕಿತ್ತಲ್ಲೋ' ಅಂದ. ಅವನ ಮಾತಿನಲ್ಲಿ ಹುರುಳಿದೆ. ಆದರೆ ಹೊಸದಕ್ಕೆ ಮತ್ತೆ ಜಮೀನು ಬೇಕು, ನೀರು ಬೇಕು, ಅದು ಎಷ್ಟು ಮನೆಯ ಹೊಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಹಳೆಯದಕ್ಕೆ ಜಮೀನು, ರೈಲು ಹಳಿ, ನೀರು ಎಲ್ಲ ಇದೆ. ಬಿಚ್ಚಿ ನೋಡಲಿಕ್ಕೆ ಮೊದಲೇ ಸಮಯ ಕೊಟ್ಟು, ಆಮೇಲೆ ಪಟ್ಟಿ ಮಾಡಿದ್ದರೆ ನಮ್ಮ ನಾಲ್ಕು ತಿಂಗಳು ಉಳಿಯುತ್ತಿತ್ತು. ಹಿಂದಿನ ಎರಡು ಮೂರು ಶಟ್‌ಡೌನ್‌ಗಳಲ್ಲೇ ಎಲ್ಲ ಪೈಪಿನ ದಪ್ಪ ಅಳೆದು ಬರೆದಿಟ್ಟಿದ್ದರೆ ಇನ್ನೂ ಉಳಿಯುತ್ತಿತ್ತು.

ಇನ್ನೊಂದು ಚಿಂತೆಯೂ ಇದೆ. ಈಗ ಹಗಲು ಸೋಲಾರ್ ಕರೆಂಟ್ ಬರುತ್ತದೆ, ಆಗ ಕಲ್ಲಿದ್ದಲಿನ ಯೂನಿಟ್ ಇಳಿಸಬೇಕು, ಸಂಜೆ ಏರಿಸಬೇಕು. 2023ರ ನಿಯಮದ ಪ್ರಕಾರ 55 ಪ್ರತಿಶತಕ್ಕೆ, ಮುಂದೆ ಹಂತಹಂತವಾಗಿ 40ಕ್ಕೆ ಇಳಿಸಿಯೂ ಓಡಿಸಬೇಕು. ದಿನಾ ಕಾದು ದಿನಾ ತಣಿದರೆ ಪೈಪು ಬೇಗ ದಣಿಯುತ್ತದೆ. ಅಳೆಯುವ ಕೆಲಸ ಇನ್ನು ಜಾಸ್ತಿಯೇ ಆಗುತ್ತದೆ.

ಮರುವರ್ಷ ಸಣ್ಣ ಶಟ್‌ಡೌನಿಗೆ ಮತ್ತೆ ಕರೆ ಬಂತು, ಎಂಟು ದಿನಕ್ಕೆ. ಮೈಂದರ್ಗಿ ಕಾಕಾ ಬರಲಿಲ್ಲ, ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿತ್ತು. ನಾನು ನೋಟ್‌ಬುಕ್ ಒಯ್ದಿದ್ದೆ. ಎಕನಾಮೈಸರಿನ ಅದೇ ತಿರುವಿಗೆ ಹೋಗಿ, ಅದೇ ಪೈಪು ಎಣಿಸಿ, ಉಜ್ಜಿ, ಪ್ರೋಬ್ ಇಡಲಿಕ್ಕೆ ಹೇಳಿದೆ. ಹಾಕಿದಾಗ 5.0 ಇತ್ತು. ಅಕ್ಕಪಕ್ಕದ ಪೈಪುಗಳಲ್ಲಿ 4.9. ಆ ಒಂದರಲ್ಲಿ 4.6. ಬೂದಿ ತಡೆಯುವ ತಗಡಿನ ಕವಚ ಅಲ್ಲಿ ಅರ್ಧ ಇಂಚು ಸರಿದಿತ್ತು. ಕವಚವನ್ನು ಮತ್ತೆ ಜಾಗಕ್ಕೆ ಸರಿಸಿ ಎರಡು ಕಡೆ ಟ್ಯಾಕ್, ಅಂದರೆ ಸಣ್ಣ ವೆಲ್ಡ್ ಚುಕ್ಕೆ ಹಾಕಿಸಿದೆವು. ಹಳೆಯ 2.2ರ ಕೆಳಗೆ 4.6 ಅಂತ ಬರೆದು, ತಾರೀಕು ಹಾಕಿ, ಮುಂದಿನ ಸಲ ಮೊದಲು ಇಲ್ಲಿ ಅಂತ ಪಕ್ಕದಲ್ಲಿ ಗೀಟು ಎಳೆದೆ.